ಸೋಮವಾರ ಇಂಜಿನ್ನಿಗೆ ರಜಾ

ನಮ್ಮ ಮೈದುನನಿಗೆ ತಲೆ ಕೆಟ್ಟಿದೆ ಅಂತ ನಾನು ಯಾವತ್ತೂ ಹೇಳಿದವಳಲ್ಲ. ಹಾಗೆ ಹೇಳುವುದಕ್ಕೆ ದೊಡ್ಡಗಾಜನೂರಿನ ತುಂಬಾ ಜನ ಇದ್ದರು, ನಾನೂ ಒಬ್ಬಳು ಹೋಗಿ ಸೇರಿಕೊಂಡು ಏನಾಗಬೇಕಿತ್ತು? ನಾನು ಹೇಳುತ್ತಿದ್ದುದು ಇಷ್ಟೇ: ಶಿವ ಅವನಿಗೆ ಬುದ್ಧಿಯನ್ನು ಧಾರಾಳವಾಗಿಯೇ ಕೊಟ್ಟಿದ್ದಾನೆ, ಬ್ರೇಕು ಹಾಕಿಕೊಡುವುದನ್ನು ಮಾತ್ರ ಮರೆತಿದ್ದಾನೆ! ಯಾರಾದರೂ ಏನಾದರೂ ಹೇಳಿಕೊಟ್ಟರೆ ಸಾಕು, ಅದನ್ನು ಹಿಡಿದುಕೊಂಡು ಹೊರಟೇಬಿಡುತ್ತಿದ್ದ. ಎಲ್ಲಿ ನಿಲ್ಲುತ್ತಾನೆ ಅನ್ನುವುದು ಅವನಿಗೂ ಗೊತ್ತಿರುತ್ತಿರಲಿಲ್ಲ.

ನಾನು ಕೊಳ್ಳೇಗಾಲದ ಕಡೆಯಿಂದ ಸೊಸೆಯಾಗಿ ಬಂದಾಗ ಮನೆಯಲ್ಲಿ ಅತ್ತೆ ಮಾವ ಇರಲಿಲ್ಲ. ಇದ್ದವರು ನಮ್ಮ ಯಜಮಾನರು, ಅವರ ಈ ಒಬ್ಬನೇ ತಮ್ಮ, ಮತ್ತೆ ಒಂದು ಜೊತೆ ಎತ್ತು. ಇವರಲ್ಲಿ ಹೇಳಿದ ಮಾತು ಕೇಳುತ್ತಿದ್ದುದು ಎತ್ತುಗಳು ಮಾತ್ರ. ಉಳಲು ಕಳಿಸಿದರೆ ಮೈದುನ ಅರ್ಧ ಸಾಲು ಉತ್ತು, ರಸ್ತೆಯಲ್ಲಿ ಬಸ್ಸಿನ ಸದ್ದು ಕೇಳಿದರೆ ಕಿವಿ ನಿಮಿರಿಸುತ್ತಿದ್ದ. ಒಂದು ದಿನ ಸತ್ಯಮಂಗಲದಿಂದ ಬಂದ ಬಸ್ಸು ನಮ್ಮ ಹೊಲದ ಹತ್ತಿರವೇ ಕೆಟ್ಟು ನಿಂತಿತು. ಸಾಯಂಕಾಲ ಎತ್ತುಗಳು ನೇಗಿಲನ್ನು ದರದರ ಎಳೆದುಕೊಂಡು ತಾವಾಗಿಯೇ ಮನೆಗೆ ಬಂದವು. ಉಳುವ ಮಹಾರಾಯ ಬಸ್ಸಿನ ಕೆಳಗೆ ಮಲಗಿ ಡ್ರೈವರಿಗೆ ಸ್ಪ್ಯಾನರ್ ಎತ್ತಿ ಕೊಡುತ್ತಿದ್ದ!

ಎಪ್ಪತ್ತರ ದಶಕ ಮುಗಿಯುತ್ತಾ ಬಂದಿತ್ತು. ತಾಳವಾಡಿಯಲ್ಲಿ ಗಾಡಿ ರಿಪೇರಿ ಕಲಿಸುವ ತರಬೇತಿ ನಡೆಯುತ್ತದೆ ಅಂತ ಸುದ್ದಿ ಬಂತು. ಮೈದುನ ಅಣ್ಣನ ಎದುರು ಕೈಕಟ್ಟಿ ನಿಂತ. ಯಜಮಾನರು ಬೀಡಿ ಹೊತ್ತಿಸಿಕೊಂಡರು.

"ಓಗು ಕಣ್ಲಾ, ಕಲ್ಕೊ," ಅಂದರು. "ಶೆಡ್ಡೂ ಆಕ್ಕೊಡ್ತೀನಿ. ಆದ್ರೆ ಬರೋ ದೀಪಾವಳಿ ಒತ್ಗೆ ಆ ಶೆಡ್ಡು ನಿನ್ ಒಟ್ಟೆ ನೋಡ್ಕಬೇಕು. ಇಲ್ದಿದ್ರೆ ಮುಚ್ಬುಟ್ಟು ಬಂದು ನೇಗ್ಲು ಇಡಿ. ಆಮೇಲೆ ಇಂಜಿನ್ನು ಗಿಂಜಿನ್ನು ಅಂತ ಉಸುರು ಎತ್ತಂಗಿಲ್ಲ."

"ಆಗ್ಲಿ ಕಣಣ್ಣ," ಅಂದ. ಇಂಜಿನ್ನಿನ ಸದ್ದು ಕೇಳದಿದ್ದರೆ ಅವನಿಗೆ ಅನ್ನ ಇಳಿಯುತ್ತಿರಲಿಲ್ಲ. ಆ ಶೆಡ್ಡು ಮುಚ್ಚಿದರೆ ಹುಡುಗ ಒಣಗಿ ಹೋಗುತ್ತಾನೆ ಅಂತ ನನಗೆ ಆವತ್ತೇ ಗೊತ್ತಿತ್ತು.

ಪಾಠ ಮೂರು ಭಾಗ. ಮೊದಲು ಇಂಜಿನ್ನು, ಆಮೇಲೆ ಶೆಡ್ಡಿನಲ್ಲಿ ಕೈಕಾಲು ಉಳಿಸಿಕೊಳ್ಳುವುದು ಹೇಗೆ ಅನ್ನುವುದು, ಕೊನೆಗೆ ವ್ಯಾಪಾರ. ಕಲಿಸುವವರು ಈರೋಡಿನ ಕಡೆಯ ತಮಿಳು ಮೇಷ್ಟ್ರು. ನಮ್ಮ ಬೆಟ್ಟದ ಚಳಿಗೆ ಹೆದರಿ ಮೂಗಿನ ತನಕ ಮಫ್ಲರ್ ಸುತ್ತಿಕೊಳ್ಳುತ್ತಿದ್ದರಂತೆ. ಅವರು ಹಗಲು ಕಲಿಸಿದ್ದನ್ನು ನಮ್ಮವನು ಸಾಯಂಕಾಲ ಮನೆಯಲ್ಲಿ ನಮಗೆ ಕಲಿಸುತ್ತಿದ್ದ. ಕೇಳಿದೆವೋ ಬಿಟ್ಟೆವೋ, ಅದು ಬೇರೆ ಮಾತು!

"ಇಂಜಿನ್ನು ಅಂದ್ರೆ ಏನೂ ಇಲ್ಲ ಕಣತ್ಗೆ," ಅಂತ ಮುದ್ದೆ ಮುರಿಯುತ್ತಾ ಶುರುಮಾಡಿದ. "ಥೇಟ್ ನಮ್ಮಣ್ಣ ಬೀಡಿ ಸೇದ್ದಂಗೆ. ಒಳೀಕ್ ಎಳ್ಕತದೆ, ಅದುಮ್ಕತದೆ, ಉರೀತದೆ, ಒಗೆ ಆಚ್ಗೆ ಬುಡ್ತದೆ. ಅಷ್ಟೇಯ."

ಯಜಮಾನರ ಕೈಯಲ್ಲಿದ್ದ ಬೀಡಿ ಬಾಯಿಗೆ ಹೋಗದೆ ಅಲ್ಲೇ ನಿಂತಿತು. "ಅಂಗಾರೆ ನಾನೂ ಇಂಜಿನ್ನೇನ್ಲಾ?"

"ಅಲ್ಲ ಕಣಣ್ಣ. ಇಂಜಿನ್ನು ಇಷ್ಟು ಕೆಮ್ಮಕಿಲ್ಲ!"

ನಾನು ನಗು ತಡೆಯಲಾರದೆ ಸಾರಿನ ಪಾತ್ರೆ ಹಿಡಿದುಕೊಂಡು ಒಳಗೆ ಓಡಿದೆ.

ಎರಡನೇ ಭಾಗದಲ್ಲಿ ಗಲಾಟೆಯೇ ಆಯಿತು. ತಿರುಗುವ ಇಂಜಿನ್ನಿನ ಹತ್ತಿರ ಕೊರಳಲ್ಲಿ ಏನೂ ಜೋತಾಡಬಾರದು, ಸರ, ದಾರ, ಟವೆಲು ಎಲ್ಲ ತೆಗೆದಿಡಿ ಅಂದರಂತೆ ಮೇಷ್ಟ್ರು. ಎಲ್ಲರೂ ತೆಗೆದರು. ನಮ್ಮವನು ಎದ್ದು ನಿಂತ. ಅವನ ಕೊರಳಲ್ಲಿದ್ದುದು ಲಿಂಗದ ಕರಡಿಗೆ. ಮೈಯಿಂದ ಅದನ್ನು ಬೇರೆ ಮಾಡುವುದುಂಟೆ?

"ಪ್ರಾಣ ಬೇಕಾರೆ ತಗುದ್ ಮಡುಗ್ತೀನಿ ಸಾರ್, ಇದ ತಗ್ಯಕಿಲ್ಲ," ಅಂದನಂತೆ.

"ಅಡ ಕಡವುಳೇ!" ಅಂತ ಮೇಷ್ಟ್ರು ತಮಿಳಿನಲ್ಲಿ ದೇವರನ್ನೇ ಕರೆದರು. ಪ್ರಾಣ ಉಳಿಸುವ ಪಾಠ ಮಾಡಲು ಬಂದವರಿಗೆ ಮೊದಲನೇ ದಿನವೇ ಪ್ರಾಣ ತೆಗೆದಿಡುವವನು ಸಿಕ್ಕಿದರೆ ಅವರು ತಾನೇ ಏನು ಮಾಡಬೇಕು? ಕೊನೆಗೆ ಕರಡಿಗೆಯನ್ನು ಎದೆಗೆ ಒತ್ತಿ, ಮೇಲೆ ಬಟ್ಟೆ ಸುತ್ತಿ ಬಿಗಿಯಾಗಿ ಕಟ್ಟಿಕೊಳ್ಳುವುದು ಅಂತ ರಾಜಿಯಾಯಿತು. ಆ ಬಟ್ಟೆ ಕಟ್ಟುವ ಕೆಲಸ ದಿನಾ ಬೆಳಿಗ್ಗೆ ನನ್ನದು. "ಇನ್ನೂ ಬಿಗೀರಿ ಅತ್ಗೆ, ಇನ್ನೂ ಬಿಗೀರಿ," ಅನ್ನುತ್ತಿದ್ದ. ಮೂಟೆಯ ಬಾಯಿಯನ್ನೂ ನಾನು ಹಾಗೆ ಬಿಗಿದವಳಲ್ಲ.

ಆಮೇಲೆ ಮನೆಯೆಲ್ಲ ವರ್ಕ್‌ಶಾಪಾಯಿತು ನೋಡಿ! ನಾನು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಳ್ಳದೆ ಒಲೆಯ ಮುಂದೆ ಕೂರುವಂತಿಲ್ಲ. ಬೆಂಕಿ ಬಿದ್ದರೆ ಇರಲಿ ಅಂತ ಒಲೆಯ ಪಕ್ಕ ಒಂದು ಬಕೆಟ್ ಮರಳು ತಂದಿಟ್ಟ. ಬೆಂಕಿಯಂತೂ ಬೀಳಲಿಲ್ಲ. ನಮ್ಮ ಮನೆಯ ಬೆಕ್ಕು ಆ ಬಕೆಟ್ಟನ್ನು ನೋಡಿ, ಇಷ್ಟು ದಿನಕ್ಕೆ ಈ ಮನೆಯವರಿಗೆ ನನ್ನ ಕಷ್ಟ ಅರ್ಥವಾಯಿತು ಅಂದುಕೊಂಡು ದಿನಾ ಅಲ್ಲಿಗೇ ಹೋಗಿ ಕೂರತೊಡಗಿತು. ಮರಳು ಬದಲಾಯಿಸುವ ಕೆಲಸ ಯಾರದು? ಅದೂ ನನ್ನದೇ!

ತಾಳವಾಡಿ ರಸ್ತೆಯ ಪಕ್ಕ ತಗಡಿನ ಶೆಡ್ಡು ಎದ್ದಿತು. ಸುತ್ತ ಹಗ್ಗ ಕಟ್ಟಿದ. ಗಾಡಿ ಒಳಗೆ, ಗಾಡಿಯವನು ಹೊರಗೆ. ಹತ್ತಿರ ಬರಲೇಬೇಕೆಂದರೆ ಪಂಚೆ ಎತ್ತಿ ಕಟ್ಟಬೇಕು, ಹೆಗಲ ಮೇಲಿನ ಟವೆಲು ತೆಗೆಯಬೇಕು. ಮೊದಲು ಬಂದ ಗಿರಾಕಿ ಪಕ್ಕದ ಊರಿನ ದೊಡ್ಡ ಜಮೀನಿನ ಗೌಡರು, ಜೀಪು ತಂದಿದ್ದರು. ನಮ್ಮ ಕಡೆ ಹೆಗಲ ಟವೆಲು ತೆಗೆಯುವುದೆಂದರೆ ಇನ್ನೊಬ್ಬರ ಮುಂದೆ ತಗ್ಗಿ ನಿಂತ ಹಾಗೆ. ಅವರ ಮುಂದೆ ಊರವರೆಲ್ಲ ಟವೆಲು ತೆಗೆದವರೇ ಹೊರತು ಅವರು ಯಾರ ಮುಂದೆಯೂ ತೆಗೆದವರಲ್ಲ.

"ಟವಲ್ ತಗೀರಿ ಗೌಡ್ರೆ," ಅಂದ ನಮ್ಮವನು.

"ಏನಂದ್ಲಾ?"

"ಟವಲ್ ತಗೀರಿ. ಫ್ಯಾನಿಗ್ ಸಿಕ್ಕಂಡ್ರೆ ತಲೆ ಓಯ್ತದೆ. ನಿಮ್ ತಲೆ ಓದ್ರೂ ಪರ್ವಾಗಿಲ್ಲ, ನನ್ ಶೆಡ್ಗೆ ಕೆಟ್ಟೆಸ್ರು!"

ಜೀಪು ಕೆಮ್ಮುತ್ತಾ ಚಾಮರಾಜನಗರದ ದಾರಿ ಹಿಡಿಯಿತು.

ವ್ಯಾಪಾರದ ಪಾಠವನ್ನಾದರೂ ಸರಿಯಾಗಿ ತಿಳಿದುಕೊಂಡನೆ? ಗಿರಾಕಿಯನ್ನು ದೇವರ ಹಾಗೆ ನೋಡಿ, ಗಿರಾಕಿಗೆ ಸುಳ್ಳು ಹೇಳಬೇಡಿ ಅಂದಿದ್ದರಂತೆ ಮೇಷ್ಟ್ರು. ದೇವರಿಗೆ ನೈವೇದ್ಯ ಬೇಡವೆ? ಪಂಕ್ಚರಿಗೆ ಬಂದವನಿಗೂ ಊಟ! ಹೊತ್ತಿಗೆ ಸರಿಯಾಗಿ ನಾನು ಮುದ್ದೆ ಸಾರು ಹೊತ್ತುಕೊಂಡು ಶೆಡ್ಡಿಗೆ ಹೋಗಬೇಕು. ಕೆಲವರು ಸೈಕಲ್ ಚಕ್ರಕ್ಕೆ ತಾವೇ ಮೊಳೆ ಚುಚ್ಚಿಕೊಂಡು ಬರುತ್ತಿದ್ದರು ಅಂತ ನನಗೆ ಇವತ್ತಿಗೂ ಅನುಮಾನ. ಉಂಡಾದ ಮೇಲೆ ಸತ್ಯ ಹೇಳುವ ಕಾರ್ಯಕ್ರಮ. "ಈ ಗಾಡಿಗೆ ಒಟ್ಟೆ ಉಬ್ಬರ, ವಯಸ್ಸೂ ಆಗದೆ. ಇದ ಕೊಟ್ಟೋನು ಬುದ್ವಂತ. ತಕ್ಕೊಂಡೋನ್ ಬಗ್ಗೆ ನಾನೇನೂ ಏಳಕಿಲ್ಲ," ಅನ್ನುತ್ತಿದ್ದ, ತೆಗೆದುಕೊಂಡವನ ಮುಖವನ್ನೇ ನೋಡುತ್ತಾ! ಉಂಡ ಅನ್ನವೂ ಗಂಟಲಿಗೆ ಬರುವ ಹಾಗೆ.

ಇಷ್ಟಾದರೂ ಶೆಡ್ಡು ಹೇಗೋ ಕುಂಟುತ್ತಿತ್ತು. ಕೈಯಲ್ಲಿ ಗುಣವಿತ್ತು ಅಂತಲೇ ಹೇಳಬೇಕು. ಪೂರಾ ಕೆಡಿಸಿದ್ದು ಸೋಮವಾರ.

ಸೋಮವಾರ ನಮ್ಮಲ್ಲಿ ಯಾರೂ ನೊಗಕ್ಕೆ ಎತ್ತು ಕಟ್ಟುವುದಿಲ್ಲ. ಅದು ಬಸವಣ್ಣನ ದಿನ. ಎತ್ತಿನ ಮೈ ತೊಳೆದು ಹಣೆಗೆ ವಿಭೂತಿ ಇಟ್ಟು ಸುಮ್ಮನೆ ಮೇಯಲು ಬಿಡುತ್ತೇವೆ. ಮೇಷ್ಟ್ರು ಪಾಪ, ವಾರಕ್ಕೊಂದು ಸಲ ಇಂಜಿನ್ ನಿಲ್ಲಿಸಿ ಎಣ್ಣೆ, ನೀರು, ಬೆಲ್ಟು ನೋಡಿಕೊಳ್ಳಿ ಅಂತ ಒಂದು ಮಾತು ಅಂದಿದ್ದರು. ಇಂಜಿನ್ನಿನ ಬಲವನ್ನು ಕುದುರೆ ಲೆಕ್ಕದಲ್ಲಿ ಹೇಳಿದ್ದರು. ಈ ಎರಡು ಮಾತುಗಳು ನಮ್ಮ ಮೈದುನನ ತಲೆಯೊಳಗೆ ಹೋಗಿ ಮದುವೆಯಾಗಿಬಿಟ್ಟವು!

"ಒಂದ್ ಜೊತೆ ಎತ್ಗೇ ನಾವು ಸೋಮ್ವಾರ ರಜ ಕೊಡ್ತೀವಿ. ಇದ್ರೊಳ್ಗೆ ಅಷ್ಟ್ ಕುದ್ರೆ ಬಲ ಅದೆ ಕಣತ್ಗೆ, ಅದುಕ್ ಬ್ಯಾಡ್ವಾ?"

ತಾನು ಸೋಮವಾರ ಸ್ಪ್ಯಾನರ್ ಮುಟ್ಟದೆ ಇದ್ದಿದ್ದರೆ ಯಾರೂ ಕೇಳುತ್ತಿರಲಿಲ್ಲ. ಅವನು ರಿಪೇರಿ ಮಾಡಿದ ಗಾಡಿಯನ್ನು ಬೇರೆ ಯಾರೂ ಸೋಮವಾರ ಓಡಿಸಬಾರದು ಅನ್ನುವುದು ಅವನ ಕಾನೂನು! ಕೆಲಸ ಮುಗಿದ ಮೇಲೆ ಬಾನೆಟ್ಟಿಗೆ ವಿಭೂತಿ ಬಳಿದು, ಅದರ ಮೇಲೆ ಗಿರಾಕಿಯ ಕೈ ಇಡಿಸಿ ಮಾತು ತೆಗೆದುಕೊಂಡೇ ಬೀಗದ ಕೈ ಕೊಡುತ್ತಿದ್ದ.

ಹಾಗೆ ಮೊದಲು ಸಿಕ್ಕಿಬಿದ್ದವನು ಜೀರಹಳ್ಳಿಯ ಒಬ್ಬ ವ್ಯಾನಿನವನು. ಬೆಟ್ಟದ ತರಕಾರಿ ತುಂಬಿಕೊಂಡು ದಿಂಬಂ ಘಾಟಿ ಇಳಿದು ಸತ್ಯಮಂಗಲದ ಸಂತೆಗೆ ಹಾಕುವುದು ಅವನ ಕೆಲಸ. ಕೆಟ್ಟ ವ್ಯಾನನ್ನು ಎತ್ತು ಕಟ್ಟಿ ಎಳೆಸಿಕೊಂಡು ಬಂದಿದ್ದ. ನಮ್ಮವನು ಅದನ್ನು ಹೊಸ ಹುರುಪಿನಲ್ಲಿ ಓಡುವ ಹಾಗೆ ಮಾಡಿಕೊಟ್ಟ. ವ್ಯಾನಿನವನು ಆ ಸಂತೋಷದಲ್ಲಿ ವಿಭೂತಿಯ ಮೇಲೆ ಕೈ ಇಟ್ಟು ಹೂಂ ಅಂದುಬಿಟ್ಟ. ಸೋಮವಾರ ನಸುಕಿಗೆ ಎದ್ದು ವ್ಯಾನು ಹತ್ತಲು ಹೋದರೆ ಹೆಂಡತಿ ಅಡ್ಡ ನಿಂತಳಂತೆ. "ಇಬೂತಿ ಮೇಲೆ ಕೈ ಮಡ್ಗಿದ್ದೀರ. ದಿಂಬದ ತಿರುವ್ನಲ್ಲಿ ಏನಾರ ಆದ್ರೆ ಯಾರ್ ಒಣೆ?" ಅಂದಳಂತೆ. ಆವತ್ತು ವ್ಯಾನು ಹೊರಡಲಿಲ್ಲ. ಆಮೇಲೆ ಯಾವ ಸೋಮವಾರವೂ ಹೊರಡಲಿಲ್ಲ.

ಈ ಸುದ್ದಿ ಬೆಟ್ಟದ ತುಂಬಾ ಹಬ್ಬಿತು. ದಿಂಬಂ ಟೀ ಅಂಗಡಿಯಲ್ಲಿ ಡ್ರೈವರುಗಳು ಅದನ್ನೇ ಹೇಳಿಕೊಂಡು ನಕ್ಕರು. ಅವನ ಹತ್ತಿರ ಗಾಡಿ ಬಿಟ್ಟರೆ ಗಾಡಿ ವಾಪಸ್ ಕೊಡುತ್ತಾನೆ, ಸೋಮವಾರ ಕಿತ್ತುಕೊಳ್ಳುತ್ತಾನೆ ಅಂತ. ಸೋಮವಾರದ ಲೋಡು ಬಿಡುವುದಕ್ಕೆ ಯಾರು ತಯಾರಿರುತ್ತಾರೆ ಹೇಳಿ? ಒಬ್ಬೊಬ್ಬರಾಗಿ ಬರುವುದನ್ನು ನಿಲ್ಲಿಸಿದರು. ಪಂಕ್ಚರಿನವರೂ ನಿಂತರು. ನಾನು ಹೊತ್ತುಕೊಂಡು ಹೋದ ಮುದ್ದೆಯನ್ನು ಹಾಗೇ ವಾಪಸು ತರತೊಡಗಿದೆ.

ದೀಪಾವಳಿ ಹತ್ತಿರ ಬಂತು. ಯಜಮಾನರು ನೇಗಿಲಿಗೆ ಹೊಸ ಕುಳ ಹಾಕಿಸಿ ತಂದು ಅಂಗಳದಲ್ಲಿ ಇಟ್ಟಿದ್ದರು. ಮೈದುನ ಅದನ್ನು ಬಳಸಿಕೊಂಡು ಓಡಾಡುತ್ತಿದ್ದ. ಊಟಕ್ಕೆ ಕೂತರೆ ಮುದ್ದೆ ಹಾಗೇ ಇರುತ್ತಿತ್ತು. ಇಂಜಿನ್ನಿನ ಪಾಠವೂ ನಿಂತುಹೋಗಿತ್ತು, ಬೀಡಿಯ ಹಾಸ್ಯವೂ ನಿಂತುಹೋಗಿತ್ತು. ನನಗೆ ತಡೆಯಲಾಗಲಿಲ್ಲ.

"ಆ ಸೋಮ್ವಾರದ ಅಟ ಒಂದ ಬುಡಪ್ಪ. ನಿನ್ ಶೆಡ್ಡು ಉಳ್ಕತದೆ," ಅಂದೆ.

"ಮೂಕ ಪ್ರಾಣಿ ಕಣತ್ಗೆ ಅದು. ಬಾಯ್ಬುಟ್ಟು ಸಾಕಾಯ್ತು ಅನ್ನಕಾಯ್ತದಾ?" ಅಂದ. ಕಬ್ಬಿಣದ ವ್ಯಾನಿಗೆ ಮೂಕ ಪ್ರಾಣಿ ಅನ್ನುವವನ ಹತ್ತಿರ ನಾನು ಏನು ವಾದ ಮಾಡಲಿ! ನಗಬೇಕೋ ಅಳಬೇಕೋ ತಿಳಿಯದೆ ತಟ್ಟೆ ಎತ್ತಿಕೊಂಡು ಹೋದೆ.

ದೀಪಾವಳಿಗೆ ಮುಂಚಿನ ಸೋಮವಾರ. ಎತ್ತು ಕಟ್ಟುವ ಕೆಲಸವಿಲ್ಲ, ಯಜಮಾನರಿಗೆ ಪುರುಸೊತ್ತು. ಒಂದು ದೊಡ್ಡ ಹಿತ್ತಾಳೆ ಬೀಗ ತೆಗೆದುಕೊಂಡು ಶೆಡ್ಡಿನ ಕಡೆ ಹೊರಟರು. ನಾನೂ ಹಿಂದೆಯೇ ಓಡಿದೆ. ಮೈದುನ ಯಾವುದೋ ಹಳೆಯ ಇಂಜಿನ್ನನ್ನು ಒರೆಸಿ ವಿಭೂತಿ ಇಡುತ್ತಿದ್ದ. ಅಣ್ಣನ ಕೈಯಲ್ಲಿದ್ದ ಬೀಗ ಕಂಡಿತು. ಸ್ಪ್ಯಾನರುಗಳನ್ನು ಎತ್ತಿ ಗೋಣಿಚೀಲಕ್ಕೆ ತುಂಬತೊಡಗಿದ.

ಅಷ್ಟರಲ್ಲಿ ಬಸ್ಸು ನಿಂತಿತು. ಜೀರಹಳ್ಳಿಯ ವ್ಯಾನಿನವನು ಇಳಿದ, ಹೆಗಲ ಮೇಲೆ ಒಂದು ಮಗು. ಅವನ ಹಿಂದೆ ಅವನ ಹೆಂಡತಿ, ಸೆರಗು ಬಿಗಿದುಕೊಂಡು ಬಿರಬಿರನೆ ಬಂದಳು. ಸರಿ, ಸೋಮವಾರದ ಸಂಪಾದನೆ ಹೋಯಿತು ಅಂತ ಜಗಳಕ್ಕೇ ಬಂದಿದ್ದಾಳೆ ಅಂದುಕೊಂಡೆ. ಬೀಗದ ಜೊತೆಗೆ ಇದೊಂದು ಬಾಕಿ ಇತ್ತು!

"ಅಣ್ಣ, ನಿಮ್ ಶೆಡ್ ಮುಚ್ತದಂತೆ ಅಂತ ಸುದ್ದಿ ಬಂತು. ಉಳಿಸ್ಕಳಕೆ ಸೋಮ್ವಾರದ ರಜ ತಗುದ್ಬುಡ್ತೀರೇನೋ ಅಂತ ದಿಗಿಲಾಗಿ ಬಂದೆ," ಅಂದಳು. "ತಗೀಬೇಡಿ ಅಣ್ಣ. ಇವ್ರು ಕೋಳಿ ಕೂಗಕ್ ಮುಂಚೆ ಓದ್ರೆ ಮಗ ಮಲಗುದ್ಮೇಲೆ ಬರೋರು. ಯಾವತ್ತಾರ ಎಚ್ರ ಇದ್ದಾಗ ಎತ್ಕಂಡ್ರೆ, ಯಾರೋ ಒಸಬ್ರು ಅಂತ ಕಿಟಾರ್ ಅಂತ ಕಿರುಚ್ತಿತ್ತು. ಈಗ ನೋಡಿ, ಅಪ್ಪನ್ ಎಗ್ಲು ಬುಟ್ಟು ಇಳಿಯಾಕಿಲ್ಲ ಅಂತದೆ."

ನಾವೆಲ್ಲ ನೋಡಿದೆವು. ಮಗು ಎರಡೂ ಕೈಯಲ್ಲಿ ಅಪ್ಪನ ಕೂದಲು ಹಿಡಿದುಕೊಂಡು ನಮ್ಮನ್ನು ಅನುಮಾನದಿಂದ ನೋಡುತ್ತಿತ್ತು, ಎಲ್ಲಿ ಇಳಿಸಿಬಿಡುತ್ತಾರೋ ಅಂತ. ಅಪ್ಪ ನೆಲ ನೋಡುತ್ತಾ ನಗುತ್ತಿದ್ದ.

"ಡ್ರೈವರ್ಗಳ ಎಂಡ್ರೆಲ್ಲ ಮಾತಾಡ್ಕಂಡಿದ್ದೀವಿ," ಅಂದಳು ಆಕೆ. "ಇನ್ಮೇಲೆ ಅವ್ರವ್ರ ಗಾಡಿ ನಿಮ್ ತಾವೇ ಬತ್ತವೆ. ಬರ್ನಿಲ್ಲ ಅಂದ್ರೆ ಅವ್ರಿಗೆ ಮನೇಲಿ ಮುದ್ದೆ ಇಲ್ಲ!"

ನಮ್ಮ ಮೈದುನ ಸ್ಪ್ಯಾನರ್ ಹಿಡಿದುಕೊಂಡು ಹಾಗೇ ನಿಂತಿದ್ದ. "ನಾನು ವ್ಯಾನಿಗೇ ಅಂತ ಮಾಡುದ್ದು ಕಣವ್ವ," ಅಂದ. "ಓಡ್ಸೋನ್ಗೂ ಸುಸ್ತಾಯ್ತದೆ ಅಂತ ನನ್ ತಲೆಗೆ ಒಳೀನೇ ಇಲ್ಲ." ಅಂದವನು ಹಳೆ ಇಂಜಿನ್ನಿನ ಕಡೆ ತಿರುಗಿಕೊಂಡು, ಎಣ್ಣೆ ಬಟ್ಟೆಯಲ್ಲಿ ಕಣ್ಣು ಒರೆಸಿಕೊಂಡು, ಮುಖವೆಲ್ಲ ಮಸಿ ಮಾಡಿಕೊಂಡ. ಅಷ್ಟು ಚೆನ್ನಾಗಿ ಅವನು ಯಾವತ್ತೂ ನನ್ನ ಕಣ್ಣಿಗೆ ಕಂಡಿರಲಿಲ್ಲ.

ಯಜಮಾನರು ಒಂದು ಸಲ ಮಗುವನ್ನು ನೋಡಿದರು, ಒಂದು ಸಲ ಗೋಣಿಚೀಲವನ್ನು ನೋಡಿದರು. ಆಮೇಲೆ ಹಗ್ಗದ ಹತ್ತಿರ ಹೋಗಿ ನಿಂತು ಬೀಗವನ್ನು ತಮ್ಮನ ಕಡೆ ಚಾಚಿದರು.

"ತಕ್ಕೊ ಕಣ್ಲಾ, ಮಡಿಕ್ಕೊ. ಸೋಮ್ವಾರ ಸೋಮ್ವಾರ ಆಕ್ಕೋಬೇಕಲ್ಲ," ಅಂದರು.

ಅವನು ಕೈಯ ಮಸಿಯನ್ನು ಅಂಗಿಗೆ ಒರೆಸಿಕೊಂಡು, ಎರಡೂ ಕೈ ಒಡ್ಡಿ ಈಸಿಕೊಂಡ.