ಚೌಕಟ್ಟಿಗೆ ಸಿಗದ ಬಾಲ

ಉದ್ದ ಬಾಲದ ಹಕ್ಕಿಗಳ ಮೇಲೆ ನನಗೆ ಮೊದಲಿನಿಂದಲೂ ಒಂದು ಸಿಟ್ಟಿದೆ. ಗುಬ್ಬಚ್ಚಿ ಎಷ್ಟು ಅಚ್ಚುಕಟ್ಟು ನೋಡಿ, ಎಲ್ಲಿ ಕೂತರೂ ಫೋಟೋದೊಳಗೇ ಮುಗಿದುಹೋಗುತ್ತದೆ. ಈ ರಾಜಹಕ್ಕಿಗೋ ಮೈ ಒಂದು ಗೇಣಿಲ್ಲ, ಬಾಲ ಮಾತ್ರ ಮದುವೆಮನೆಯ ಸೆರಗಿನ ಹಾಗೆ ಹಿಂದೆ ಎಳೆದಾಡುತ್ತಿರುತ್ತದೆ. ಬಾಲವನ್ನು ಸೇರಿಸಿಕೊಂಡರೆ ಹಕ್ಕಿ ಎಳ್ಳುಕಾಳಿನಷ್ಟಾಗುತ್ತದೆ. ಹಕ್ಕಿಯನ್ನು ದೊಡ್ಡದು ಮಾಡಿದರೆ ಬಾಲ ಆಚೆ ಹೋಗುತ್ತದೆ. ರಜೆಯಲ್ಲಿ ಹಕ್ಕಿಗಳ ಫೋಟೋ ತೆಗೆಯುವ ಹುಚ್ಚಿದ್ದರೂ ನಾನು ಸೋಂಪುರದ ಕಾರ್ಖಾನೆಯೊಂದರ ಸ್ಟೋರ್ಸಿನಲ್ಲಿ ಕೆಲಸ ಮಾಡುವವನು. ಅಲ್ಲಿ ಉದ್ದದ ಸರಳು ಬಂದರೆ ಗೋಡೆಗೆ ಒರಗಿಸಿ ನಿಲ್ಲಿಸುತ್ತೇವೆ. ಹಕ್ಕಿಗೆ ಹಾಗೆ ಹೇಳಲಾಗುವುದಿಲ್ಲ. ಜೊತೆಗೆ, ಹಕ್ಕಿಯ ಕೊಕ್ಕಿನ ಮುಂದೆ ಒಂದಿಷ್ಟು ಜಾಗ ಬಿಡಬೇಕು, ಆಗಲೇ ಫೋಟೋಗೆ ಉಸಿರಾಟ ಎಂದು ಯಾವುದೋ ವಿಡಿಯೋ ನೋಡಿ ಕಲಿತಿದ್ದೆ. ಆ ಜಾಗ ಎಲ್ಲಿಂದಾದರೂ ಬರಬೇಕಲ್ಲ? ಬಾಲದ ಕಡೆಯಿಂದ ಕ್ರಾಪ್ ಮಾಡುತ್ತಿದ್ದೆ. ರಸ್ತೆ ಅಗಲ ಮಾಡುವವರು ಮನೆಯ ಮುಂಭಾಗ ಒಡೆದರೆ ನಾನು ಹಿಂಭಾಗ ಒಡೆಯುತ್ತಿದ್ದೆ, ಅಷ್ಟೇ ವ್ಯತ್ಯಾಸ. ಯಾರಾದರೂ ಕೇಳಿದರೆ ಇದು ಪೋರ್ಟ್ರೇಟ್ ಎಂದು ಗಂಭೀರವಾಗಿ ಹೇಳುತ್ತಿದ್ದೆ.

ಈ ಚಾಳಿ ನನ್ನ ಮಾವನವರ ಕಣ್ಣಿಗೇ ಬಂತು. ಮಾವ ಇರುವುದು ಸಾಸಲಿನ ಹತ್ತಿರದ ಹಳ್ಳಿಯಲ್ಲಿ. ಎರಡೂ ಕಣ್ಣಿಗೆ ಪೊರೆ ಬಂದು, ಹಸುವನ್ನು ಅದರ ಕೂಗಿನಿಂದ, ಮಗಳನ್ನು ಅವಳ ಬೈಗುಳದಿಂದ ಗುರುತಿಸುವ ಸ್ಥಿತಿಗೆ ತಲುಪಿದ್ದರು. ಆಪರೇಷನ್ನಿಗೆ ಎರಡು ಸಲ ದಿನ ಗೊತ್ತಾಗಿ ಎರಡು ಸಲವೂ ತಪ್ಪಿತ್ತು. ಮೊದಲ ಸಲ ಬೆಕ್ಕು ಅಡ್ಡ ಬಂತು, ಎರಡನೇ ಸಲ ಯಾರೋ ಹೊರಡುವ ಹೊತ್ತಿಗೆ ಸರಿಯಾಗಿ ಸೀನಿದರು. (ಸೀನಿದವನು ನಾನೇ. ಇದನ್ನು ಮನೆಯಲ್ಲಿ ಈವರೆಗೆ ಒಪ್ಪಿಕೊಂಡಿಲ್ಲ.) ಇನ್ನೂ ತಡ ಮಾಡಿದರೆ ಕಷ್ಟ ಎಂದು ಡಾಕ್ಟರು ಖಂಡಿತವಾಗಿ ಹೇಳಿಬಿಟ್ಟರು. ಮಾವನೂ ಅಷ್ಟೇ ಖಂಡಿತವಾಗಿ, ಹೊರಡುವ ಬೆಳಿಗ್ಗೆ ರತ್ನಪಕ್ಷಿ ಕಂಡರೆ ಮಾತ್ರ ಬರುತ್ತೇನೆ ಎಂದರು. ರತ್ನಪಕ್ಷಿ ಎಂದರೆ ಬೇರೇನಲ್ಲ, ನಮ್ಮ ಕೆಂಬೂತ. ಕಪ್ಪು ಮೈ, ಇಟ್ಟಿಗೆ ಬಣ್ಣದ ರೆಕ್ಕೆ, ಕೆಂಡದಂಥ ಕಣ್ಣು, ಮತ್ತೆ ಕೇಳಬೇಕೆ, ಉದ್ದ ಬಾಲ. ಬೆಳಿಗ್ಗೆ ಎದ್ದು ಅದನ್ನು ಕಂಡರೆ ಹೋದ ಕೆಲಸ ಹಣ್ಣು ಎಂದು ನಮ್ಮ ಕಡೆ ನಂಬಿಕೆ.

ನನ್ನ ಹೆಂಡತಿಗೆ ಉಪಾಯ ಹೊಳೆಯಿತು. ದೇವರ ಪಟ ನೋಡಿ ಕೈ ಮುಗಿದರೆ ದೇವರಿಗೆ ತಲುಪುವುದಾದರೆ, ಹಕ್ಕಿಯ ಪಟ ನೋಡಿದರೆ ಶಕುನ ಯಾಕೆ ತಲುಪಬಾರದು ಎಂದು ಅಪ್ಪನನ್ನು ಕೇಳಿ ಒಪ್ಪಿಸಿದಳು. ಇಷ್ಟು ವರ್ಷಕ್ಕೆ ನನ್ನ ಕ್ಯಾಮೆರಾದಿಂದ ಮನೆಗೊಂದು ಉಪಯೋಗ ಬಂತಲ್ಲ ಎಂದು ನಾನು ಬೀಗಿದೆ. ಒಳ್ಳೆಯದೊಂದು ಕೆಂಬೂತವೂ ಸಿಕ್ಕಿತು. ಕಣ್ಣಿನ ಕೆಂಪು ಎದ್ದು ಕಾಣುವಂತೆ ಕ್ರಾಪ್ ಮಾಡಿ, ಪ್ರಿಂಟ್ ಹಾಕಿಸಿ, ಕಟ್ಟು ಹಾಕಿಸಿ ತೆಗೆದುಕೊಂಡು ಹೋದೆ. ಮಾವ ಅದನ್ನು ಮೂಗಿಗೆ ತಾಗಿಸಿಕೊಂಡು ತುಂಬ ಹೊತ್ತು ನೋಡಿದರು.

"ಬಾಲ ಎಲ್ಲಿ ಅಳಿಯಂದ್ರೆ? ಅರ್ಧ ಹಕ್ಕಿ ನೋಡ್ಕೊಂಡು ಹೋದ್ರೆ ಅರ್ಧ ಕಣ್ಣು ಬರ್ತೈತೆ ಅಷ್ಟೆ."

ಬಾಲ ಇಲ್ಲ ಎಂಬುದು ಮನೆಯಲ್ಲಿ ನೆಟ್ಟಗೆ ಕಣ್ಣು ಕಾಣುವ ನಾಲ್ವರ ಗಮನಕ್ಕೆ ಬಂದಿರಲಿಲ್ಲ. ಮೂಲ ಫೋಟೋ ಉಳಿಸಿಕೊಂಡಿದ್ದರೆ ಬಾಲ ಸಿಗುತ್ತಿತ್ತು. ಜಾಗ ಉಳಿಸುವ ಭರದಲ್ಲಿ ಅದನ್ನೂ ಅಳಿಸಿದ್ದೆ. ನವಿಲು ಕುಣಿಯಿತು ಅಂತ ಕೆಂಬೂತ ಪುಕ್ಕ ಕೆದರಿತಂತೆ ಎಂದು ಹೆಂಡತಿ ಗೋಡೆಯ ಕಡೆ ತಿರುಗಿ ಹೇಳಿದಳು. ಗಾದೆ ಯಾರಿಗೆ ಎಂದು ನಾನು ಕೇಳಲಿಲ್ಲ.

ಆಪರೇಷನ್ನಿನ ಬೆಳಿಗ್ಗೆ ಬೆಳಕು ಹರಿಯುವ ಮೊದಲೇ ಮಾವನ ಹಿತ್ತಲಿನ ಬೇಲಿಗೆ ಹೋಗಿ ನಿಂತೆ. ನನಗೆ ನಿಜಕ್ಕೂ ಹೆದರಿಕೆಯಾಗಿತ್ತು. ನಾನು ಉಳಿಸಿಕೊಳ್ಳದ ಒಂದು ಬಾಲದ ದೆಸೆಯಿಂದ ಮನುಷ್ಯ ಕುರುಡಾದರೆ ಏನು ಗತಿ? ದೇವರು ದೊಡ್ಡವನು, ಕೆಂಬೂತ ಬಂತು. ಆದರೆ ತೀರಾ ಹತ್ತಿರ ಬಂತು. ಹಿಂದೆ ಸರಿಯೋಣವೆಂದರೆ ನನ್ನ ಹಿಂದೆ ತಿಪ್ಪೆ. ತಲೆಯದೊಂದು, ಬಾಲದ್ದೊಂದು ತೆಗೆಯುವಷ್ಟರಲ್ಲಿ ಅದು ಪೊದೆಯೊಳಗೆ ಹೋಯಿತು.

ತಲೆಯನ್ನು ನನ್ನ ಫೋನಿಗೂ ಬಾಲವನ್ನು ಹೆಂಡತಿಯ ಫೋನಿಗೂ ಹಾಕಿಕೊಂಡು ಜಗಲಿಗೆ ಬಂದೆ. ಮಾವ ಬಿಳಿ ಪಂಚೆ ಉಟ್ಟು, ಅಂಗಳದ ಕಡೆ ಮುಖ ಮಾಡಿ ಕೂತಿದ್ದರು. ಅವರೆದುರು ಮಂಡಿಯೂರಿ ಎರಡು ಫೋನುಗಳನ್ನು ಅಂಟಿಸಿ ಹಿಡಿದೆ. ತಲೆ ಕೋಳಿಯಷ್ಟು, ಬಾಲ ಪೊರಕೆಯಷ್ಟು. ಬಾಲವನ್ನು ಕುಗ್ಗಿಸಿದೆ, ತಲೆಯನ್ನು ಹಿಗ್ಗಿಸಿದೆ. ಹೊರಗೆ ಕಾರಿನವನು ಹಾರ್ನ್ ಹೊಡೆಯುತ್ತಿದ್ದ, ನನಗೆ ಬೆವರು ಇಳಿಯುತ್ತಿತ್ತು. ಇದ್ದಕ್ಕಿದ್ದಂತೆ ಮಾವ ಎದ್ದು ನಿಂತು, ಎಲ್ಲ ಸರಿಯಾಗೈತೆ, ನಡೀರಿ ಎಂದರು. ನಾನು ಇನ್ನೂ ಜೋಡಿಸುತ್ತಲೇ ಇದ್ದೆ.

ಆಪರೇಷನ್ ಚೆನ್ನಾಗಿ ಆಯಿತು. ಪಟ್ಟಿ ಬಿಚ್ಚಿದಾಗ ಮಾವ ಮಗಳ ಮುಖ ನೋಡಿ, ಸೊರಗಿದ್ದೀಯಲ್ಲ ಎಂದರು. ಅವಳು ಅತ್ತಳು. ನನಗೂ ಎದೆಯ ಮೇಲಿನ ಕಲ್ಲು ಇಳಿದ ಹಾಗಾಯಿತು. ಬಂದ ನೆಂಟರಿಗೆಲ್ಲ ಎರಡು ಫೋನಿನ ಕಥೆಯನ್ನು ನಾನೇ ಹೇಳತೊಡಗಿದೆ, ಹೇಳಿದಷ್ಟೂ ನನ್ನ ಜಾಣತನ ಬೆಳೆಯುತ್ತಿತ್ತು. ಹದಿನೈದು ದಿನವಾದ ಮೇಲೆ, ಕಪ್ಪು ಕನ್ನಡಕ ಹಾಕಿಕೊಂಡು ಕೂತಿದ್ದ ಮಾವ ನೆಂಟರು ಹೋಗುವವರೆಗೆ ಕಾದು ನನ್ನನ್ನು ಹತ್ತಿರ ಕರೆದರು. ಆವತ್ತು ಫೋನಿನಲ್ಲಿ ಏನಿತ್ತೋ ತಮಗೆ ಒಂದೂ ಕಾಣಲಿಲ್ಲವಂತೆ. ಆದರೆ ಬೆಳಿಗ್ಗೆಯ ಬಿಸಿಲಿನಲ್ಲಿ, ನನ್ನ ಬೆನ್ನ ಹಿಂದೆ, ಮಾರು ದೂರದಲ್ಲಿ ರತ್ನಪಕ್ಷಿ ಅಂಗಳದ ಈ ತುದಿಯಿಂದ ಆ ತುದಿಗೆ ನಡೆದುಕೊಂಡು ಹೋಯಿತಂತೆ. ಕಣ್ಣು ಮಸುಕಾಗಿದ್ದರೂ ಆ ರೆಕ್ಕೆಯ ಬಣ್ಣ, ಆ ನಡಿಗೆ ತಮಗೆ ತಪ್ಪಲಿಲ್ಲ ಎಂದರು. ಬಾಲ ಪೂರ್ತಿ ಇತ್ತಂತೆ.

"ಮಾವ, ಆಗ್ಲೇ ಹೇಳ್ಬಾರ್ದಿತ್ತಾ?" ಎಂದೆ.

"ಹೇಳಿದ್ರೆ ನೀವು ಕ್ಯಾಮೆರಾ ಎತ್ಕೊಂಡು ಅದರ ಹಿಂದೆ ಹೋಗ್ಬಿಡ್ತಿದ್ರಿ. ನನ್ನನ್ನ ಆಸ್ಪತ್ರೆಗೆ ಕರ್ಕೊಂಡು ಹೋಗೋರು ಯಾರು?" ಎಂದರು.