ದೊಡ್ಡಪ್ಪನ ನಿಧಾನದ ಕಾರು

ತಿಪಟೂರು ಸೀಮೆಯಲ್ಲಿ ಕಾರ್ ರೇಸಿನಲ್ಲಿ ನಮ್ಮ ದೊಡ್ಡಪ್ಪನನ್ನು ಮೀರಿಸಿದವರಿಲ್ಲ. ಕೊನೆಯಲ್ಲಿ ಬರುವುದರಲ್ಲಿ! ನಿಜವಾದ ಕಾರಲ್ಲ ಸ್ವಾಮಿ, ಕಂಪ್ಯೂಟರಿನ ಕಾರು. ತೊಂಬತ್ತರ ದಶಕದ ಕೊನೆಯಲ್ಲಿ, ಕೊಬ್ಬರಿಗೆ ಒಳ್ಳೆಯ ರೇಟು ಸಿಕ್ಕ ಖುಷಿಗೆ ಒಂದು ಕಂಪ್ಯೂಟರ್ ತಂದರು. ಜೊತೆಗೆ ರೇಸಿನ ಸೀಡಿಯೊಂದು ಬಂತು. ಬೇರೆಯವರಾದರೆ ಹಜಾರದಲ್ಲಿಟ್ಟು ಮೆರೆಯುತ್ತಿದ್ದರು. ಇವರು ಒಳಕೋಣೆಯಲ್ಲಿ, ಜಾರಿಬಿದ್ದು ಸೊಂಟ ಮುರಿದುಕೊಂಡು ಹಾಸಿಗೆ ಹಿಡಿದಿದ್ದ ದೊಡ್ಡಮ್ಮನ ಮಂಚದ ಪಕ್ಕದಲ್ಲಿಟ್ಟರು.

ಸಂಜೆ ತೋಟದಿಂದ ಬಂದು, ಕೈಕಾಲು ತೊಳೆದು ಆಟಕ್ಕೆ ಕೂರುತ್ತಿದ್ದರು. ಮಿಕ್ಕ ಕಾರುಗಳು ಹಾರಿಹೋದರೆ ಇವರದು ಎಡಗಡೆ ಹಿಡಿದು ಎತ್ತಿನಗಾಡಿಯ ಹಾಗೆ ಸಾಗುತ್ತಿತ್ತು. ತಿರುವಿನಲ್ಲಿ ಹಾರ್ನ್ ಬೇರೆ!

"ದೊಡ್ಡಪ್ಪ, ಇದು ರೇಸು!"

"ಅವ್ರು ಹೋಗ್ಲಿ ಬುಡ್ಲಾ. ಅವ್ರಿಗೇನು ಅವಸರವೋ."

ಕೆಲವು ವರ್ಷಕ್ಕೆ ಆ ಕಂಪ್ಯೂಟರ್ ಕೆಟ್ಟು, ಹೊಸದು ಬಂತು. ಹಳೆಯ ಸೀಡಿ ಹಾಕಿದರೆ ಆಟವೇ ಏಳಲಿಲ್ಲ! ಸೀಡಿ ಒಣಗಿರಬೇಕೆಂದು ದೊಡ್ಡಪ್ಪ ಕೊಬ್ಬರಿಎಣ್ಣೆ ಹಚ್ಚಿ ಉಜ್ಜಿದರು. ಮಂಡಿನೋವಿಗೂ ಅದೇ, ಬಾಗಿಲ ಕೀಲಿಗೂ ಅದೇ, ಸೀಡಿಗೇಕಾಗಬಾರದು? ಸೋಪುನೀರಿನಲ್ಲಿ ಅದರ ಜಿಡ್ಡು ತೆಗೆಯುವಷ್ಟರಲ್ಲಿ ನನಗೆ ಸಾಕುಸಾಕಾಯಿತು.

'ಇದು ಹಳೇ ಕಂಪ್ಯೂಟರೇ' ಎಂದು ಆಟವನ್ನು ನಂಬಿಸುವ ಸೌಲಭ್ಯ ಆ ಹೊಸ ಯಂತ್ರದಲ್ಲೇ ಇತ್ತು. ಅದನ್ನು ಹುಡುಕಿ ಒತ್ತಿದೆ. ಆಟ ಎದ್ದಿತು! ಗುಂಡಿ ಮುಟ್ಟಿದ್ದೇ ತಡ, ಕಾರು ಚಂಗನೆ ನೆಗೆದು ಗುಡ್ಡಕ್ಕೆ ಗುದ್ದಿತು. ಹೊಸ ಯಂತ್ರದ ವೇಗಕ್ಕೆ ಹಳೆಯ ಆಟಕ್ಕೂ ಹುಚ್ಚು ಹಿಡಿದಿತ್ತು. ದೊಡ್ಡಪ್ಪನ ಮುಖ ಸಣ್ಣದಾಯಿತು.

"ಹೊಸದಲ್ವಾ, ಜೋರಾಗೇ ಓಡುತ್ತೆ," ಎಂದೆ.

"ಜೋರು ಯಾರಿಗ್ ಬೇಕಾಗಿತ್ತು ಕಣ್ಲಾ? ದಾರಿನೇ ಕಾಣಲ್ಲ!"

ನಾನು ಕೈಚೆಲ್ಲಿದೆ. ಅವರು ಗದ್ದ ಕೆರೆದುಕೊಂಡು, "ಗಾಡಿಗೆ ಹೇರು ಜಾಸ್ತಿಯಾದ್ರೆ ಎತ್ತು ನಿಧಾನ ಆಗಲ್ವಾ? ಇದಕ್ಕೂ ಹೇರಾನ," ಎಂದರು. ಹಾಡು ಹಾಕಿಸಿದರು, ಫೋಟೊ ತೆರೆಸಿದರು, ಇಸ್ಪೀಟು, ಕ್ಯಾಲ್ಕುಲೇಟರ್, ಇದ್ದಬದ್ದದ್ದನ್ನೆಲ್ಲ ಒಟ್ಟಿಗೆ ಏರಿಸಿದರು. ಯಂತ್ರ ಏದುಸಿರು ಬಿಡತೊಡಗಿತು. ಕಾರು ಹಳೆಯ ನಡಿಗೆಗೆ ಬಂತು! ಲೋಕವೆಲ್ಲ ಕಂಪ್ಯೂಟರ್ ವೇಗ ಹೆಚ್ಚಿಸಲು ಒದ್ದಾಡುವಾಗ ಅದರ ಕಾಲಿಗೆ ಹಗ್ಗ ಕಟ್ಟಿದವರು ನಮ್ಮ ದೊಡ್ಡಪ್ಪ ಒಬ್ಬರೇ. ತುರುವೇಕೆರೆಯಲ್ಲಿ ಸಿಕ್ಕಸಿಕ್ಕವರ ಮುಂದೆಲ್ಲ ಇದನ್ನು ಕೊಚ್ಚಿಕೊಂಡಿದ್ದೇನೆ, ಈಗಲೂ ಕೊಚ್ಚಿಕೊಳ್ಳುತ್ತೇನೆ.

ಕಾರು ತಿರುವು ದಾಟುತ್ತಿದ್ದಂತೆ ಮಂಚದಿಂದ ದೊಡ್ಡಮ್ಮನ ದನಿ ಬಂತು.

"ಇಲ್ಲೇ ನಿಲ್ಸ್ರೀ. ಸಮುದ್ರ ಬಂತು."

ದೊಡ್ಡಪ್ಪ ರಸ್ತೆಬದಿಗೆ ತಂದು ನಿಲ್ಲಿಸಿದರು. ಎದ್ದುಹೋಗಿ ದೊಡ್ಡಮ್ಮನ ತಲೆದಿಂಬು ಎತ್ತರಿಸಿದರು. ವರ್ಷಗಳಿಂದ ಆ ಕೋಣೆಯ ಹೊಸಿಲು ದಾಟದ ದೊಡ್ಡಮ್ಮ ಪರದೆಯ ನೀಲಿಯನ್ನು ಕಣ್ತುಂಬ ನೋಡುತ್ತಿದ್ದರು. ಮಿಕ್ಕ ಕಾರುಗಳು ಎಂದೋ ಮರೆಯಾಗಿದ್ದವು.

"ಸಾಕೇನೇ?" ದೊಡ್ಡಪ್ಪ ಕೇಳುತ್ತಿದ್ದರು, "ಇನ್ನೊಂದು ಗಳಿಗೆ ಇರಾನಾ?"