ಎರಡು ಬೆಲ್ಟಿನ ಕ್ಯಾಮೆರಾ

ಹೊಸಕೋಟೆಯ ಸ್ಟುಡಿಯೋ ವಸಂತ್ ಸಮೇತನಹಳ್ಳಿಯ ನಿಶ್ಚಿತಾರ್ಥದ ಮನೆಯಲ್ಲಿ ಕ್ಯಾಮೆರಾ ಹೊರತೆಗೆದದ್ದೇ ತಪ್ಪಾಯಿತು. ಹುಡುಗಿಯ ಸೋದರಮಾವ ಮುನಿಸ್ವಾಮಿ ಅದರ ಮೇಲಿನ ಹೆಸರನ್ನು ಕಣ್ಣು ಕಿರಿದು ಮಾಡಿ ಓದಿದರು.

“ನಿಕಾನಾ? ಏನಪ್ಪಾ, ದೊಡ್‌ದೊಡ್ಡ ಫೋಟೋಗ್ರಾಫರ್‌ಗಳೆಲ್ಲ ಸೋನೀಲಿ ತೆಗೀತಾರೆ, ಯೂಟ್ಯೂಬಲ್ಲಿ ನೋಡಿದೀನಿ. ಸೋನಿ ಇಲ್ದಿದ್ರೆ ಮುಂದಿನ ತಿಂಗ್ಳು ಮದ್ವೆಗೆ ಬೇರೆಯವ್ರನ್ನ ನೋಡ್ಕೋತೀವಿ.”

ಆ ಮದುವೆಯ ಆರ್ಡರಿಗಾಗಿಯೇ ವಸಂತ್ ಈ ಕೆಲಸ ಒಪ್ಪಿಕೊಂಡಿದ್ದ. “ಇದೆ ಅಣ್ಣಾ, ಬೈಕಲ್ಲೇ ಬಿಟ್ಬಂದೆ” ಎಂದು ಹೊರಗೆ ಹೋದ. ಹತ್ತು ವರ್ಷದಲ್ಲಿ ಕೊಂಡು ಮಾರಿದ ಕ್ಯಾಮೆರಾಗಳ ಬೆಲ್ಟುಗಳೆಲ್ಲ ಅವನ ಬ್ಯಾಗಿನಲ್ಲಿದ್ದವು. ನಿಕಾನ್ ಹೆಸರಿನ ಮೇಲೆ ಕಪ್ಪು ಟೇಪು ಅಂಟಿಸಿ, ಸೋನಿ ಎಂದು ಬರೆದಿದ್ದ ಬೆಲ್ಟು ಸಿಕ್ಕಿಸಿ, ಹೊಸ ಅಳಿಯನ ಠೀವಿಯಲ್ಲಿ ಒಳಬಂದ.

“ಹ್ಞಾ, ಈಗ್ ಕಳೆ ಬಂತು ನೋಡು!” ಎಂದರು ಮುನಿಸ್ವಾಮಿ.

ಅಷ್ಟರಲ್ಲಿ ಗಂಡಿನ ಕಡೆಯವರು ಬಂದರು. ಗಂಡಿನ ದೊಡ್ಡಮ್ಮ ಮುನಿತಾಯಮ್ಮ ವಸಂತನನ್ನು ಮೂಲೆಗೆ ಕರೆದರು.

“ನಮ್ಮನೇಲಿ ಏನೇ ಆದ್ರೂ ಕ್ಯಾನನ್ನೇ ಕಣಪ್ಪಾ. ಅದ್ರಲ್ಲಾದ್ರೆ ನಮ್ ಹುಡ್ಗನ ಹೊಟ್ಟೆ ಕಾಣಲ್ಲ. ಇಲ್ಲಾಂದ್ರೆ ಹೇಳ್ಬಿಡು, ಮದ್ವೆಗೆ ನಮ್ ಕಡೆಯವ್ರನ್ನೇ ಕರ್ಕೊಂಡ್ಬರ್ತೀವಿ.”

ವಸಂತ್ ಮತ್ತೊಮ್ಮೆ ಬೈಕಿನ ಬಳಿ ಹೋಗಿ ಬಂದ. ಈಗ ಅದೇ ಕ್ಯಾಮೆರಾಗೆ ಎರಡು ಬೆಲ್ಟು: ಬಲಭುಜದ ಮೇಲೆ ಸೋನಿ, ಎಡಭುಜದ ಮೇಲೆ ಕ್ಯಾನನ್. ಅವನ ಬಲಕ್ಕೆ ಹೆಣ್ಣಿನ ಕಡೆ, ಎಡಕ್ಕೆ ಗಂಡಿನ ಕಡೆ. ಉಂಗುರ ತೊಡಿಸುವುದರಿಂದ ಹಿಡಿದು ಊಟದ ಪಂಕ್ತಿಯವರೆಗೆ ಆತ ಒಮ್ಮೆಯೂ ಹಿಂದಕ್ಕೆ ತಿರುಗಿ ನಿಲ್ಲಲಿಲ್ಲ. ಏಡಿಯ ಹಾಗೆ ಅಡ್ಡಡ್ಡವೇ ಓಡಾಡಿದ.

ಊಟವಾದ ಮೇಲೆ ಫೋಟೋಗಳನ್ನು ಟೀವಿಯಲ್ಲಿ ತೋರಿಸಿದ. ಇಡೀ ಮನೆ ಬಾಯಿಬಿಟ್ಟು ನೋಡಿತು.

“ಸೋನಿ ಅಂದ್ರೆ ಸುಮ್ನೇನಾ!” ಮುನಿಸ್ವಾಮಿ ಬೀಗಿದರು.

“ಸೋನಿನಾ? ಕ್ಯಾನನ್ನು ಬೀಗ್ರೇ. ಕಣ್ಬಿಟ್ಟು ಬೆಲ್ಟ್ ಓದ್ಕಳಿ!” ಎಂದರು ಮುನಿತಾಯಮ್ಮ.

“ನಮ್ಮನೆಗೇ ಬಂದು ನನ್ನೇ ಕುರುಡ ಅಂತೀರಾ?”

ಮಾತಿಗೆ ಮಾತು ಬೆಳೆದು, ಮುನಿತಾಯಮ್ಮ ತಾಂಬೂಲದ ತಟ್ಟೆ ಹಿಂದಿರುಗಿಸಲು ಎದ್ದೇಬಿಟ್ಟರು. ಸಂಬಂಧವೇ ಮುರಿದರೆ ಮದುವೆಯೆಲ್ಲಿ, ಆರ್ಡರೆಲ್ಲಿ? ವಸಂತ್ ಟೇಪು ಕಿತ್ತ.

“ಎರಡೂ ಅಲ್ಲ, ನಿಕಾನು! ತಪ್ಪಾಯ್ತು. ಆದ್ರೆ ತೆಗ್ದಿದ್ದು ನಾನು ಅಣ್ಣಾ, ಕಂಪನಿ ಅಲ್ಲ!”

ಮುನಿಸ್ವಾಮಿ ಕ್ಯಾಮೆರಾವನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಬೀಗಿತ್ತಿಯ ಕಡೆ ತಿರುಗಿ ನಕ್ಕರು.

“ಇಬ್ರೂ ಸೋತ್ವಿ ಬಿಡಕ್ಕಾ. ಇಷ್ಟ್ ಚೆನ್ನಾಗ್ ಬರುತ್ತೆ ಅಂದ್ಮೇಲೆ ನಾಳೇನೇ ಒಂದ್ ನಿಕಾನ್ ತಗೊಂಡ್ಬಿಡ್ತೀನಿ. ಮದ್ವೆ ಫೋಟೋ ಪೂರಾ ನಂದೇ!”

“ಅದೇ ಸರಿ,” ಮುನಿತಾಯಮ್ಮ ತಟ್ಟೆ ಕೆಳಗಿಟ್ಟು, ವಸಂತನ ಬೆನ್ನು ತಟ್ಟಿದರು. “ನೀನೂ ತಪ್ಪದೇ ಬಾರಪ್ಪಾ ಮದ್ವೆಗೆ. ಬರಿಗೈಲಿ ಬಾ, ನೆಮ್ಮದಿಯಾಗಿ ಊಟ ಮಾಡ್ಕೊಂಡು ಹೋಗು.”